ಪರವಾನಗಿ ಯಾರ ಹೆಸರಿನಲ್ಲಿದೆ?

ಯಾವುದಾದರೂ ದೇಶದ ಜೊತೆ ವಾಣಿಜ್ಯ ಒಪ್ಪಂದಕ್ಕೆ ಸಹಿ ಬಿತ್ತೆಂದರೆ ಪುಣೆಯಲ್ಲಿ ಎರಡು ಬಗೆಯ ಮಾತು ಏಳುತ್ತದೆ. ಚಾಕಣ, ಭೋಸರಿಯ ಕಾರ್ಖಾನೆಯವರು ಸುಂಕ ಎಷ್ಟು ಇಳಿಯಿತು, ಯಾರ ಮಾಲು ಅಗ್ಗವಾಯಿತು ಎಂದು ಲೆಕ್ಕ ಹಾಕುತ್ತಾರೆ. ಹಿಂಜವಡಿ, ಖರಾಡಿ, ಮಗರಪಟ್ಟಾಗಳ ಐಟಿ ಮಂದಿ ಮತ್ತು ಅವರ ಮನೆಯವರು ಕೇಳುವುದು ಒಂದೇ ಪ್ರಶ್ನೆ: ವೀಸಾ ಎಷ್ಟು ಸಿಕ್ಕಿತು? ಧಾರವಾಡ, ಬೆಳಗಾವಿ, ಕಲಬುರಗಿಗಳಿಂದ ಇಲ್ಲಿಗೆ ಬಂದು ನೆಲೆಸಿದ ಕನ್ನಡದ ಕುಟುಂಬಗಳಲ್ಲಂತೂ ಮಗನೋ ಸೊಸೆಯೋ ಆನ್‌ಸೈಟ್ ಹೋಗುವ ಸರದಿಯಲ್ಲಿ ಇದ್ದೇ ಇರುತ್ತಾರೆ. ಮಂತ್ರಿಗಳಿಗೆ ಈ ಪ್ರಶ್ನೆ ಚೆನ್ನಾಗಿ ಗೊತ್ತು. ಹಾಗಾಗಿ ಪ್ರತಿ ಒಪ್ಪಂದದ ಜೊತೆಗೂ ಒಂದು ಉತ್ತರ ಸಿದ್ಧವಾಗಿ ಬರುತ್ತದೆ: ನಮ್ಮ ನುರಿತ ತರುಣರಿಗೆ ಆ ದೇಶದ ಬಾಗಿಲು ತೆರೆಸಿದ್ದೇವೆ.

ಈ ಮಾತನ್ನು ನಂಬದವರು ಕಡಿಮೆ. ವಾಣಿಜ್ಯ ಪುಟಗಳ ಸಂಪಾದಕರು ನಂಬುತ್ತಾರೆ, ಕೈಗಾರಿಕಾ ಸಂಘಗಳ ಭಾಷಣಕಾರರು ನಂಬುತ್ತಾರೆ, ಸರ್ಕಾರವನ್ನು ಉಳಿದೆಲ್ಲದರಲ್ಲೂ ಬೈಯುವ ಅರ್ಥಶಾಸ್ತ್ರದ ಮೇಷ್ಟ್ರುಗಳೂ ಇದೊಂದನ್ನು ಒಪ್ಪಿಬಿಡುತ್ತಾರೆ. ಸರಕಿನ ಪೈಪೋಟಿಯಲ್ಲಿ ನಾವು ಹಿಂದೆ, ಬುದ್ಧಿವಂತರ ಪೈಪೋಟಿಯಲ್ಲಿ ಮುಂದೆ, ಆದ್ದರಿಂದ ಸರಕಿನಲ್ಲಿ ಬಿಟ್ಟುಕೊಟ್ಟು ಮನುಷ್ಯರಲ್ಲಿ ಗಳಿಸಬೇಕು ಎಂಬುದು ಮೂವತ್ತು ವರ್ಷಗಳಿಂದ ಕೇಳುತ್ತಿರುವ ಲೆಕ್ಕ. ಈ ಲೆಕ್ಕ ಸುಳ್ಳು. ವಾಣಿಜ್ಯ ಒಪ್ಪಂದದಿಂದ ಬರುವ ಕೆಲಸದ ಪರವಾನಗಿ ಕೆಲಸಗಾರನದ್ದಲ್ಲ, ಅವನನ್ನು ಕಳಿಸುವ ಕಂಪನಿಯದ್ದು. ಅದೂ ಕೂಡ ಎದುರು ಪಕ್ಷದ ಮನಸ್ಸಿರುವಷ್ಟು ದಿನ ಮಾತ್ರ.

ಬ್ರಿಟನ್ನಿನದ್ದು ಒಳ್ಳೆಯ ಉದಾಹರಣೆ. ಅದರ ತಾರೀಖುಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2025ರ ಮೇ 6ರಂದು ಮಾತುಕತೆ ಮುಗಿಯಿತೆಂದು ಎರಡೂ ಸರ್ಕಾರಗಳು ಸಾರಿದವು. ನಮ್ಮ ಕಡೆ ಹಿಗ್ಗಿ ಹೇಳಿಕೊಂಡ ಅಂಶಗಳಲ್ಲಿ ಒಂದು, ವರ್ಷಕ್ಕೆ 1,800 ಮಂದಿ ಭಾರತೀಯ ಬಾಣಸಿಗರು, ಯೋಗ ಶಿಕ್ಷಕರು, ಶಾಸ್ತ್ರೀಯ ಸಂಗೀತಗಾರರು ಅಲ್ಲಿಗೆ ಹೋಗಬಹುದು ಎಂಬುದು. ಆರೇ ದಿನಕ್ಕೆ, ಮೇ 12ರಂದು, ಬ್ರಿಟನ್ ಸರ್ಕಾರ ವಲಸೆಯನ್ನು ಬಿಗಿ ಮಾಡುವ ಶ್ವೇತಪತ್ರ ಹೊರಡಿಸಿತು. ಅದರ ಮೊದಲ ಕಂತು ಜಾರಿಗೆ ಬಂದದ್ದು ಜುಲೈ 22ರಂದು. ಪದವಿಮಟ್ಟಕ್ಕಿಂತ ಕೆಳಗಿನವೆಂದು ಎಣಿಸಿದ ನೂರಕ್ಕೂ ಹೆಚ್ಚು ಬಗೆಯ ಕೆಲಸಗಳನ್ನು ನುರಿತ ಕೆಲಸಗಾರರ ವೀಸಾದ ಪಟ್ಟಿಯಿಂದ ಕಿತ್ತುಹಾಕಿದರು. ಬಾಣಸಿಗರ ಕೆಲಸವೂ ಅದರಲ್ಲಿ ಹೋಯಿತು. ಉಳಿದವರಿಗೆ ಸಾಮಾನ್ಯ ಸಂಬಳದ ಮಿತಿ 38,700 ಪೌಂಡಿನಿಂದ 41,700ಕ್ಕೆ ಏರಿತು. ಒಂದೇ ಕಂಪನಿಯ ಇಲ್ಲಿನ ಕಚೇರಿಯಿಂದ ಅಲ್ಲಿನ ಕಚೇರಿಗೆ ವರ್ಗವಾಗಿ ಹೋಗುವವರಿಗೆ, ಅಂದರೆ ಹಿಂಜವಡಿಯಿಂದ ಹೋಗುವ ಮುಖ್ಯ ದಾರಿಗೆ, 48,500ರಿಂದ 52,500ಕ್ಕೆ. ಎರಡು ದಿನ ಕಳೆದು, ಜುಲೈ 24ರಂದು, ಇಬ್ಬರು ಪ್ರಧಾನಿಗಳ ಸಮ್ಮುಖದಲ್ಲಿ ಒಪ್ಪಂದಕ್ಕೆ ಸಹಿಯಾಯಿತು. ಎಲ್ಲರೂ ಕೈಕುಲುಕಿದರು.

ಮೇ ತಿಂಗಳ ಒಂದು ಸೋಮವಾರ, ಜುಲೈಯ ಒಂದು ಮಂಗಳವಾರ ಮುಚ್ಚಿದ ಬಾಗಿಲನ್ನು ಗುರುವಾರ ತೆರೆದೆವೆಂದು ಹೇಳಿಕೊಂಡದ್ದು ಹೀಗೆ. ಆಮೇಲೆ ಅಕ್ಟೋಬರಿನಲ್ಲಿ ಬ್ರಿಟನ್ ಪ್ರಧಾನಿ ಕೀರ್ ಸ್ಟಾರ್ಮರ್ ಮುಂಬಯಿಗೆ ಬಂದಾಗ ವೀಸಾ ಈ ಒಪ್ಪಂದದ ಭಾಗವೇ ಅಲ್ಲ, ಸಡಿಲಿಸುವ ಯೋಚನೆಯೂ ಇಲ್ಲ ಎಂದು ವಿಮಾನದಲ್ಲೇ ತಮ್ಮ ಪತ್ರಕರ್ತರಿಗೆ ಹೇಳಿ ಮುಗಿಸಿದ್ದರು. ಆತನನ್ನು ದೂರುವಂತಿಲ್ಲ. ತನ್ನ ಮತದಾರರಿಗೆ ಆತ ಸತ್ಯವನ್ನೇ ಹೇಳಿದ.

ಅಷ್ಟಾದರೂ 1,800 ಉಳಿಯಿತಲ್ಲ, ಅದು ಬೇಡವೇ ಎಂದು ಕೇಳಬಹುದು. ಅದರ ಒಳಗೆ ಹೋಗಿ ನೋಡೋಣ. ಪುಣೆಗೆ ಉಡುಪಿ ಅಡುಗೆ ಹೊಸದಲ್ಲ; ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಕಟ್ಟಿದ ಜಗನ್ನಾಥ ಶೆಟ್ಟರು ಕರಾವಳಿಯಿಂದ ಬಂದವರು. ಈ ಊರಿನ ಅಂಥ ಹತ್ತಾರು ಹೋಟೆಲುಗಳ ಅಡುಗೆಮನೆಯಲ್ಲಿ ಕುಂದಾಪುರ, ಬೈಂದೂರು ಕಡೆಯ ಭಟ್ಟರೊಬ್ಬರು ಬೆಳಗಿನ ಐದಕ್ಕೇ ದೋಸೆಕಲ್ಲಿನ ಮುಂದೆ ನಿಂತಿರುತ್ತಾರೆ. ಹಿಟ್ಟಿನ ಹುಳಿಯನ್ನು ಮೂಗಿನಲ್ಲೇ ಅಳೆಯುವವರು; ಚಳಿಗಾಲದಲ್ಲಿ ಎಷ್ಟು ಹೊತ್ತು ಹೆಚ್ಚು ಹುದುಗಬೇಕು ಎಂಬುದನ್ನು ಯಾವ ಕಾಲೇಜಿನಲ್ಲೂ ಕಲಿತವರಲ್ಲ. ಲಂಡನ್ನಿನ ವೆಂಬ್ಲಿಯಲ್ಲಿ ದೋಸೆ ಹೋಟೆಲು ನಡೆಸುವವನಿಗೆ ಬೇಕಾದದ್ದು ಇಂಥವರೇ. ಜುಲೈ 22ರ ತನಕ ಆ ಹೋಟೆಲಿನವನು ಪರವಾನಗಿ ಇಟ್ಟುಕೊಂಡು, ಗೊತ್ತುಮಾಡಿದ ಸಂಬಳ ಕೊಟ್ಟು ಇವರನ್ನು ನೇರವಾಗಿ ಕೆಲಸಕ್ಕೆ ಕರೆಸಿಕೊಳ್ಳಬಹುದಿತ್ತು. ಇನ್ನು ಆಗುವುದಿಲ್ಲ; ಉಳಿದದ್ದು 1,800ರ ದಾರಿ. ವಾಣಿಜ್ಯ ಒಪ್ಪಂದಗಳಲ್ಲಿ ಗುತ್ತಿಗೆ ಸೇವೆಯವರೆಂದು ಕರೆಸಿಕೊಳ್ಳುವ ವರ್ಗಕ್ಕೆ ಸೇರಬೇಕಾದರೆ ಭಟ್ಟರು ಭಾರತದ ಒಂದು ಸಂಸ್ಥೆಯ ನೌಕರರಾಗಿಯೇ ಉಳಿಯಬೇಕು. ಆ ಸಂಸ್ಥೆಗೆ ಬ್ರಿಟನ್ನಿನಲ್ಲಿ ಅಡುಗೆ ಸೇವೆ ಒದಗಿಸುವ ಗುತ್ತಿಗೆ ಸಿಕ್ಕಿರಬೇಕು. ಗುತ್ತಿಗೆ ಮುಗಿದ ದಿನ ವಾಪಸ್ಸು. ವೆಂಬ್ಲಿಯ ಹೋಟೆಲಿನ ನೌಕರಿ ಇದರಡಿ ಸಿಗುವುದಿಲ್ಲ. ಹೋಟೆಲುಗಳು ಅಡುಗೆಯವರನ್ನು ತರಿಸುವ ಮಾಮೂಲಿ ರೀತಿ ಇದಲ್ಲ. ಮದುವೆ, ಉತ್ಸವಗಳ ಅಡುಗೆ ಹಿಡಿಯುವ ದೊಡ್ಡ ಕೇಟರಿಂಗ್ ಕಂಪನಿಗಳಿಗೆ ಇದರಿಂದ ಅನುಕೂಲವಾದೀತು. ಭಟ್ಟರಿಗೆ ಆದದ್ದು ಮೂಗಿಗೆ ತುಪ್ಪ ಹಚ್ಚಿಸಿಕೊಂಡಷ್ಟೇ.

2022ರ ಆಸ್ಟ್ರೇಲಿಯಾ ಒಪ್ಪಂದದಲ್ಲೂ ಇದೇ ಸಂಖ್ಯೆ ಇತ್ತು: ಬಾಣಸಿಗರಿಗೂ ಯೋಗ ಶಿಕ್ಷಕರಿಗೂ ಸೇರಿ ವರ್ಷಕ್ಕೆ 1,800. 140 ಕೋಟಿ ಜನರ ದೇಶಕ್ಕೆ ದೋಸೆ, ಪ್ರಾಣಾಯಾಮ ಬಿಟ್ಟರೆ ಬೇರೆ ಕೌಶಲವೇ ಇಲ್ಲವೇನೋ ಎನ್ನಿಸುವಂತಿದೆ ಈ ಪಟ್ಟಿ.

ಇದು ಬ್ರಿಟನ್ನಿನ ಕುಟಿಲತನ ಎಂದುಕೊಂಡರೆ ತಪ್ಪಾದೀತು. ಎಲ್ಲ ವಾಣಿಜ್ಯ ಒಪ್ಪಂದಗಳ ಹೊಲಿಗೆಯೇ ಹೀಗೆ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದಾಗ ಅದರ ಜೊತೆಗೇ ಬಂದದ್ದು ಸೇವಾ ವ್ಯಾಪಾರದ ಸಾಮಾನ್ಯ ಒಪ್ಪಂದ, ಗ್ಯಾಟ್ಸ್. ಸೇವೆಯನ್ನು ಗಡಿಯಾಚೆ ಮಾರುವ ನಾಲ್ಕು ವಿಧಾನಗಳಲ್ಲಿ ನಾಲ್ಕನೆಯದು, ಅಂದರೆ ಸೇವೆ ಮಾಡುವ ಮನುಷ್ಯನೇ ಗಡಿ ದಾಟುವುದು, ಭಾರತದ ಅಚ್ಚುಮೆಚ್ಚಿನದು. ವಾಣಿಜ್ಯ ಸಚಿವಾಲಯದವರು ಮೂವತ್ತು ವರ್ಷಗಳಿಂದ 'ಮೋಡ್ 4' ಎಂದು ಜಪಿಸುತ್ತಿರುವುದು ಇದನ್ನೇ. ಆದರೆ ಅದೇ ಗ್ಯಾಟ್ಸ್‌ಗೆ ಅಂಟಿಸಿದ ಅನುಬಂಧವೊಂದು ಸ್ಪಷ್ಟವಾಗಿ ಹೇಳುತ್ತದೆ: ಇನ್ನೊಂದು ದೇಶದ ಉದ್ಯೋಗ ಮಾರುಕಟ್ಟೆಗೆ ಕಾಲಿಡಲು ಬಯಸುವವರಿಗೆ ಇದು ಅನ್ವಯಿಸುವುದಿಲ್ಲ, ಪೌರತ್ವ, ವಾಸ, ಕಾಯಂ ಉದ್ಯೋಗಗಳಿಗೂ ಅನ್ವಯಿಸುವುದಿಲ್ಲ. ಮುಂದಿನ ಒಪ್ಪಂದಗಳೆಲ್ಲ ಹೆಚ್ಚುಕಡಿಮೆ ಇದನ್ನೇ ನಕಲು ಮಾಡಿವೆ. ಕೆಲಸ ಹುಡುಕಿಕೊಂಡು ಹೋಗುವವನಿಗೆ ಸಂಬಂಧವಿಲ್ಲವೆಂದು ತನ್ನಲ್ಲೇ ಬರೆದುಕೊಂಡ ಕಾಗದವನ್ನು ಕೆಲಸ ಹುಡುಕುವವನ ಕೈಗೆ ಕೊಟ್ಟು ಸಂಭ್ರಮಿಸುವುದು ಹೇಗೆ?

ಚಾಕಣದ ಕಾರ್ಖಾನೆಗಳ ಬಾಗಿಲಲ್ಲಿ ಬೆಳಗಿನ ಪಾಳಿಗೆ ನಿಂತವರನ್ನು ನೋಡಿದವರಿಗೆ ಈ ವ್ಯವಸ್ಥೆ ತಟ್ಟನೆ ಗುರುತು ಸಿಗುತ್ತದೆ. ಗುತ್ತಿಗೆ ಕಾರ್ಮಿಕನ ಕೊರಳಲ್ಲಿ ಗೇಟ್‌ಪಾಸ್ ತೂಗುತ್ತದೆ, ಅವನ ಫೋಟೋವೂ ಇರುತ್ತದೆ, ಆದರೆ ಪಾಸು ಕಂತ್ರಾಟುದಾರನ ಲೆಕ್ಕದ್ದು. ಕಂತ್ರಾಟು ಮುರಿದರೆ ಫೋಟೋ ಇರುವವನು ಹೊರಗೆ. ಪಕ್ಕದ ಕಾರ್ಖಾನೆಯವನು ಅವನ ಕೈಚಳಕ ನೋಡಿ ಹೆಚ್ಚು ಸಂಬಳಕ್ಕೆ ಕರೆದರೂ ಆ ಪಾಸು ಅಲ್ಲಿ ನಡೆಯುವುದಿಲ್ಲ. ಆನ್‌ಸೈಟ್ ಹೋಗುವ ಎಂಜಿನಿಯರಿನ ಸ್ಥಿತಿ ಇದಕ್ಕಿಂತ ಎಷ್ಟು ಬೇರೆ? ಸಂಬಳ ಬೇರೆ, ಒಪ್ಪೋಣ. ಆದರೆ ಕಂಪನಿಯೊಳಗಿನ ವರ್ಗಾವಣೆಯ ವೀಸಾದಲ್ಲಿ ಬ್ರಿಟನ್ನಿಗೆ ಹೋದವನು ಅಲ್ಲಿ ತೆರಿಗೆ ಕಟ್ಟಿದರೂ ಆ ವೀಸಾದ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕುವಂತಿಲ್ಲ. ಅಮೆರಿಕದ ಎಲ್-1 ವೀಸಾದವನು ಕಂಪನಿ ಬದಲಿಸುವಂತಿಲ್ಲ. ಹಿಂಜವಡಿಯಲ್ಲಿ ಇದನ್ನು ಗೋಳೆಂದು ಯಾರೂ ಹೇಳಿಕೊಳ್ಳುವುದಿಲ್ಲ, ಮಾಮೂಲಿ ಎಂಬಂತೆ ಹೇಳುತ್ತಾರೆ. ಕ್ಲೈಂಟ್ ಪ್ರಾಜೆಕ್ಟ್ ನಿಲ್ಲಿಸಿದ. ಎರಡು ವಾರದಲ್ಲಿ ಮನೆ ಖಾಲಿ ಮಾಡಿ ಹೊರಟೆವು. ಮಗಳ ಶಾಲೆಯ ವರ್ಷ ಅರ್ಧಕ್ಕೇ ನಿಂತಿತು. ಕಾರು ಬಂದಷ್ಟಕ್ಕೆ ಮಾರಿದೆವು. ಇಲ್ಲಿ ಬಂದು ಮೂರು ತಿಂಗಳು ಪ್ರಾಜೆಕ್ಟ್ ಇಲ್ಲದೆ ಬೆಂಚ್. ಇಷ್ಟನ್ನೂ ಕಾಫಿ ಕುಡಿಯುತ್ತ ಹೇಳಿ ಮುಗಿಸುತ್ತಾರೆ.

ಇಂಥ ಪರವಾನಗಿಗಾದರೂ ಒಪ್ಪಂದದ ರಕ್ಷಣೆ ಇದೆಯಲ್ಲ, ದೇಶ ದೇಶಗಳ ನಡುವಿನ ಮಾತು ಮುರಿಯುವುದು ಸುಲಭವೇ ಎನ್ನುವವರು ಅಮೆರಿಕದ ಕಥೆ ನೆನೆಯಬೇಕು. ವರ್ಷಕ್ಕೆ 65,000 ಎಚ್-1ಬಿ ಕೆಲಸದ ವೀಸಾ ಕೊಡುತ್ತೇವೆಂದು ಅಮೆರಿಕ ಗ್ಯಾಟ್ಸ್ ಪಟ್ಟಿಯಲ್ಲೇ ಬರೆದುಕೊಟ್ಟಿದೆ. ಯಾವ ಶ್ರೀಮಂತ ದೇಶವೂ ನಮಗೆ ಇದಕ್ಕಿಂತ ಗಟ್ಟಿಯಾದ ಮಾತು ಕೊಟ್ಟದ್ದಿಲ್ಲ. 2015ರ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತು ಒಂದು ಬಜೆಟ್ ಕಾಯ್ದೆಯ ಒಳಗೆ ತೂರಿಸಿ ಎಚ್-1ಬಿಗೆ 4,000 ಡಾಲರು, ಎಲ್-1ಕ್ಕೆ 4,500 ಡಾಲರು ಹೆಚ್ಚುವರಿ ಶುಲ್ಕ ಹೇರಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದು ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ವೀಸಾಗಳವರಾಗಿರುವ ಕಂಪನಿಗಳಿಗೆ ಮಾತ್ರ. ಹೆಸರು ಹೇಳದೆ ಭಾರತದ ಕಂಪನಿಗಳಿಗೆ ಎಂದಂತೆ. ಭಾರತ 2016ರ ಮಾರ್ಚಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಕದ ತಟ್ಟಿತು. ಅಲ್ಲಿ ದೂರಿಗೆ 503ನೆಯ ಸಂಖ್ಯೆ ಬಿತ್ತು. ಸಮಾಲೋಚನೆಯ ಹಂತ ದಾಟಿ ಅದು ಮುಂದೆ ಹೋಗಲೇ ಇಲ್ಲ. 2019ರ ಡಿಸೆಂಬರಿಗೆ ಅದೇ ಸಂಸ್ಥೆಯ ಮೇಲ್ಮನವಿ ಪೀಠಕ್ಕೆ ಸಾಕಷ್ಟು ಸದಸ್ಯರಿಲ್ಲದೆ ಬೀಗ ಬಿದ್ದಂತಾಯಿತು. 2025ರ ಸೆಪ್ಟೆಂಬರ್ 19ರಂದು ಡೊನಾಲ್ಡ್ ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರು ಎಂದರು. ಆ ವಾರಾಂತ್ಯ ಊರಿಗೆ ಬಂದಿದ್ದವರೆಲ್ಲ ಗಡುವಿನೊಳಗೆ ಹಿಂದಿರುಗಬೇಕೆಂದು ದಿಕ್ಕಾಪಾಲಾಗಿ ಟಿಕೆಟ್ ಹುಡುಕಿದರು. ಹಳಬರಿಗೆ ಇದು ಅನ್ವಯಿಸುವುದಿಲ್ಲವೆಂಬ ಸ್ಪಷ್ಟನೆ ಬಂದದ್ದು ಆಮೇಲೆ. ನಾಲ್ಕು ಸಾವಿರ ಡಾಲರಿಗೆ ದೂರು ಕೊಟ್ಟಿದ್ದ ದೇಶ ಲಕ್ಷ ಡಾಲರಿಗೆ ಆ ಸಂಸ್ಥೆಯಲ್ಲಿ ಹೊಸ ದೂರು ಕೊಡಲಿಲ್ಲ.

ಅಮೆರಿಕದ ಸಂಸತ್ತಿಗೆ ಈ ವಿಷಯದಲ್ಲಿ ಎಂದೂ ಮುಚ್ಚುಮರೆ ಇಲ್ಲ. 2003ರಲ್ಲಿ ಚಿಲಿ ಮತ್ತು ಸಿಂಗಪುರ ಒಪ್ಪಂದಗಳ ಜೊತೆ ಆ ದೇಶಗಳಿಗೆ ಕ್ರಮವಾಗಿ 1,400 ಮತ್ತು 5,400 ವೀಸಾ ಕೊಟ್ಟಾಗ ಎರಡೂ ಪಕ್ಷಗಳ ಸಂಸದರು ಸಿಡಿದೆದ್ದರು: ವಲಸೆ ನಮ್ಮ ಅಧಿಕಾರ, ವಾಣಿಜ್ಯ ಒಪ್ಪಂದದಲ್ಲಿ ಅದನ್ನು ಇನ್ನು ತರಕೂಡದು. ಅಂದಿನಿಂದ ತಂದಿಲ್ಲ. ಎರಡು ವರ್ಷದ ನಂತರ ಆಸ್ಟ್ರೇಲಿಯಾದವರಿಗೆ 10,500 ವೀಸಾ ಸಿಕ್ಕದ್ದೂ ಬೇರೊಂದು ಕಾಯ್ದೆಯಿಂದ. ದಕ್ಷಿಣ ಕೊರಿಯಾದ ಮುಕ್ತ ವ್ಯಾಪಾರ ಒಪ್ಪಂದ 2012ರಲ್ಲಿ ಜಾರಿಗೆ ಬಂತು. ಅದರಲ್ಲಿ ಕಾರಿದೆ, ಗೋಮಾಂಸವಿದೆ, ವೀಸಾ ಇಲ್ಲ. ಕೊರಿಯನ್ನರಿಗೆ 15,000 ವೀಸಾ ಕೊಡುವ ಮಸೂದೆ ಸಂಸತ್ತಿನಲ್ಲಿ ಮತ್ತೆ ಮತ್ತೆ ಬಂದು ಮತ್ತೆ ಮತ್ತೆ ಸತ್ತಿತು. ಇದರ ಫಲ 2025ರ ಸೆಪ್ಟೆಂಬರ್ 4ರಂದು ಜಾರ್ಜಿಯಾದಲ್ಲಿ ಕಾಣಿಸಿತು. ಹ್ಯುಂಡೈ ಮತ್ತು ಎಲ್‌ಜಿ ಕಟ್ಟುತ್ತಿದ್ದ ಬ್ಯಾಟರಿ ಕಾರ್ಖಾನೆಗೆ ವಲಸೆ ಪೊಲೀಸರು ನುಗ್ಗಿ 475 ಜನರನ್ನು ಹಿಡಿದರು. ಮುನ್ನೂರಕ್ಕೂ ಹೆಚ್ಚು ಮಂದಿ ಕೊರಿಯದವರು, ಯಂತ್ರ ಕೂರಿಸಲು ಬಂದ ನುರಿತ ತಂತ್ರಜ್ಞರು. ಸೊಂಟಕ್ಕೂ ಕಾಲಿಗೂ ಸರಪಳಿ ಬಿಗಿದ ಚಿತ್ರವನ್ನು ಪೊಲೀಸರೇ ಹೊರಬಿಟ್ಟರು. ಅಮೆರಿಕದಲ್ಲಿ ಬಂಡವಾಳ ಹೂಡುತ್ತೇವೆಂದು ಆ ದೇಶ ಭಾರೀ ಭರವಸೆ ಕೊಟ್ಟು ಹೆಚ್ಚು ದಿನ ಆಗಿರಲಿಲ್ಲ.

ಅದೇ ಹ್ಯುಂಡೈ ನಮ್ಮ ತಳೇಗಾಂವದಲ್ಲೂ ಇದೆ; ಜನರಲ್ ಮೋಟರ್ಸ್ ಬಿಟ್ಟುಹೋದ ಕಾರ್ಖಾನೆಯನ್ನು ಕೊಂಡು ಅಲ್ಲಿ ಕಾರು ಮಾಡಲು ಶುರುಮಾಡಿದೆ. ಅಲ್ಲಿಗೆ ಬರುವ ಕೊರಿಯದ ಎಂಜಿನಿಯರುಗಳನ್ನು ಯಾರೂ ಸರಪಳಿಯಲ್ಲಿ ಬಿಗಿಯುವುದಿಲ್ಲ ಎಂಬುದು ಸಮಾಧಾನದ ವಿಷಯ. ನಮ್ಮ ವಿಚಾರಕ್ಕೆ ಆಮೇಲೆ ಬರುತ್ತೇನೆ.

ನಡುವೆ ಸಿಂಗಪುರದ ಮಾತು. ಆ ದೇಶದ ಜೊತೆಗಿನ 2005ರ ಸೆಕಾ (ಸಮಗ್ರ ಆರ್ಥಿಕ ಸಹಕಾರ) ಒಪ್ಪಂದದಲ್ಲಿ 127 ವೃತ್ತಿಗಳ ಉದ್ದ ಪಟ್ಟಿ ಇದೆ. ದಿಲ್ಲಿಯಲ್ಲಿ ಅದನ್ನು 127 ಬಾಗಿಲುಗಳೆಂದು ಎಣಿಸಿದರು. ಸಿಂಗಪುರದ ವಿರೋಧ ಪಕ್ಷದವರೂ ಹಾಗೇ ಎಣಿಸಿ ಭಾರತೀಯರು ನಮ್ಮ ಕೆಲಸ ಕಿತ್ತುಕೊಂಡರೆಂದು ಬೊಬ್ಬೆ ಹಾಕಿದರು. 2021ರ ಜುಲೈಯಲ್ಲಿ ಮಂತ್ರಿ ಒಂಗ್ ಯೆ ಕುಂಗ್ ಸಂಸತ್ತಿನಲ್ಲಿ ನಿಂತು ವಿವರಿಸಬೇಕಾಯಿತು: ಆ ಪಟ್ಟಿಯಿಂದ ಯಾರಿಗೂ ತಾನಾಗಿ ಕೆಲಸದ ಪಾಸು ಸಿಗುವುದಿಲ್ಲ, ಎಲ್ಲರಂತೆ ಅರ್ಹತೆ ತೋರಿಸಲೇಬೇಕು, ಭಾರತದಿಂದ ಕಂಪನಿ ವರ್ಗಾವಣೆಯ ಮೇಲೆ ಬಂದವರು 2020ರಲ್ಲಿ ಸುಮಾರು 500 ಮಾತ್ರ. ಒಂದೇ ಕಾಗದ, ಇಲ್ಲಿ ಗೆಲುವಾಯಿತು, ಅಲ್ಲಿ ಏನೂ ಅಲ್ಲವಾಯಿತು. ಅಷ್ಟರಲ್ಲಿ ಸೆಕಾ ಎಂಬ ಪದವೇ ಅಲ್ಲಿನ ಬೀದಿಯಲ್ಲಿ ಭಾರತೀಯರನ್ನು ಹಂಗಿಸುವ ಬೈಗುಳವಾಗಿಬಿಟ್ಟಿತ್ತು. ಬರದೇ ಇದ್ದ ಲಾಭದ ಜಂಬ ನಮ್ಮ ಮಂತ್ರಿಗಳದ್ದು; ಅದರ ಬೈಗುಳ ತಿಂದದ್ದು ರೈಲಿನಲ್ಲಿ ಸುಮ್ಮನೆ ಕೂತಿದ್ದ ಯಾರೋ ಹೆಂಗಸು. ಸುಳ್ಳು ಹೇಳುವುದಕ್ಕೂ ಒಂದು ಬೆಲೆ ಇದೆ, ಅದನ್ನು ಕಟ್ಟುವವರು ಬೇರೆಯವರು.

ಈಗ ಎದುರು ವಾದದ ಗಟ್ಟಿ ಭಾಗಕ್ಕೆ ಬರೋಣ. ಬ್ರಿಟನ್ ಒಪ್ಪಂದದ ಜೊತೆಗೆ ಬಂದ ಸಾಮಾಜಿಕ ಭದ್ರತೆಯ ಒಪ್ಪಂದ ನಿಜಕ್ಕೂ ಒಳ್ಳೆಯದು. ಸಹಿಯ ಹೊತ್ತಿಗೆ ಹೇಳಿದಂತೆ, ತಾತ್ಕಾಲಿಕವಾಗಿ ಹೋದವರು ಮೂರು ವರ್ಷ ಅಲ್ಲಿನ ರಾಷ್ಟ್ರೀಯ ವಿಮೆಗೆ ಹಣ ಕಟ್ಟಬೇಕಿಲ್ಲ, ಇಲ್ಲಿ ಪಿಎಫ್ ಕಟ್ಟುತ್ತಿದ್ದರೆ ಸಾಕು. ಮೊದಲು ಹಾಗಿರಲಿಲ್ಲ. ಮೊದಲ ವರ್ಷ ಬಿಟ್ಟರೆ ನೌಕರ ತನ್ನ ಸಂಬಳದಲ್ಲಿ ಸುಮಾರು 8 ಶೇಕಡಾ, ಕಂಪನಿ 15 ಶೇಕಡಾ ಅಲ್ಲಿಗೆ ಕಟ್ಟುತ್ತಿದ್ದರು. ಅಲ್ಲಿನ ಪಿಂಚಣಿಗೆ ಹತ್ತು ವರ್ಷ ಕಟ್ಟಿರಬೇಕು, ಅಷ್ಟು ಕಾಲ ಇರಲು ವೀಸಾ ಬಿಡುತ್ತಿರಲಿಲ್ಲ. ಕಟ್ಟಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸುಮಾರು 75,000 ನೌಕರರು, 900ಕ್ಕೂ ಹೆಚ್ಚು ಕಂಪನಿಗಳಿಗೆ ಅನುಕೂಲವೆಂದು ಸರ್ಕಾರ ಹೇಳಿದ್ದರಲ್ಲಿ ನನಗೆ ತಕರಾರಿಲ್ಲ. ದೊಡ್ಡ ಪಾಲು ಕಂಪನಿಯ ಜೇಬಿಗೇ ಹೋದರೂ ನೌಕರನ ಕೈಯಲ್ಲೂ ಸ್ವಲ್ಪ ಉಳಿಯುತ್ತದೆ.

ಆದರೆ ಇದಕ್ಕೆ ವಾಣಿಜ್ಯ ಒಪ್ಪಂದ ಬೇಕಿತ್ತೇ? ಜರ್ಮನಿಯ ಜೊತೆ ಇಂಥದ್ದೇ ಸಮಗ್ರ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಬೆಲ್ಜಿಯಂ ಜೊತೆಗಿನದ್ದು 2009ರಿಂದಲೇ ಇದೆ. ಫ್ರಾನ್ಸ್, ನೆದರ್‌ಲ್ಯಾಂಡ್ಸ್, ಸ್ವೀಡನ್ ಎಂದು ಪಟ್ಟಿ ಬೆಳೆಯುತ್ತದೆ. ಆ ದೇಶಗಳ ಜೊತೆ ಅಂದು ನಮಗೆ ಯಾವ ಮುಕ್ತ ವ್ಯಾಪಾರ ಒಪ್ಪಂದವೂ ಇರಲಿಲ್ಲ. ಒಂದು ಬಾಟಲಿ ವಿಸ್ಕಿಯ ಸುಂಕ ಇಳಿಸದೆ, ಒಂದು ಕಾರಿಗೆ ರಿಯಾಯಿತಿ ಕೊಡದೆ ಪಡೆದದ್ದು ಅದು. ಬ್ರಿಟನ್ನಿಗೆ ಮಾತ್ರ ಬೆಲೆ ತೆತ್ತೆವು. ಅಮೆರಿಕದ ಜೊತೆ ಇಂದಿಗೂ ಇಲ್ಲ. ಎಚ್-1ಬಿಯ ಅವಧಿ ಸಾಮಾನ್ಯವಾಗಿ ಆರು ವರ್ಷ, ಅಲ್ಲಿನ ಪಿಂಚಣಿಗೆ ಹತ್ತು ವರ್ಷದ ಕಂತು ಬೇಕು. ಗ್ರೀನ್ ಕಾರ್ಡ್ ಸಿಗದೆ ಹಿಂದಿರುಗಿದವರು ಕಟ್ಟಿದ ಹಣ ಅಲ್ಲೇ ಉಳಿಯುತ್ತದೆ.

ಕೆಲಸಗಾರನಿಗೆ ನಿಜವಾಗಿ ದಾರಿ ಮಾಡಿಕೊಟ್ಟ ಕಾಯ್ದೆಗಳನ್ನು ನೋಡಿದರೆ ಅವು ಬಂದದ್ದು ಬೇರೆ ಕಡೆಯಿಂದ. ರಾನಡೆ ಇನ್‌ಸ್ಟಿಟ್ಯೂಟಿನಲ್ಲೂ ಬೋಟ್ ಕ್ಲಬ್ ರಸ್ತೆಯ ಮ್ಯಾಕ್ಸ್‌ಮುಲ್ಲರ್ ಭವನದಲ್ಲೂ ಜರ್ಮನ್ ಕಲಿಯಲು ಹುಡುಗ ಹುಡುಗಿಯರು ಬಿ1, ಬಿ2 ಎನ್ನುತ್ತ ಮುಗಿಬೀಳುತ್ತಿರುವುದಕ್ಕೆ ಕಾರಣ ವಾಣಿಜ್ಯ ಸಚಿವರಲ್ಲ. ಜರ್ಮನಿ ತನಗೆ ಜನ ಸಾಲದೆಂದು 2020ರಲ್ಲೂ 2023ರಲ್ಲೂ ತನ್ನ ವಲಸೆ ಕಾನೂನನ್ನು ತಾನೇ ಬದಲಿಸಿತು. 2022ರ ಡಿಸೆಂಬರಿನಲ್ಲಿ ಭಾರತದ ಜೊತೆ ವಲಸೆ ಮತ್ತು ಸಂಚಾರದ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿತು. 2024ರಲ್ಲಿ ಭಾರತೀಯ ನುರಿತ ಕೆಲಸಗಾರರ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆಂದಿತು. ಅದೇ ವರ್ಷ ಬಂದ ಅವಕಾಶ ಕಾರ್ಡಿನಲ್ಲಿ ಕೆಲಸವೇ ಇಲ್ಲದೆ ಹೋಗಿ ಒಂದು ವರ್ಷ ಹುಡುಕಬಹುದು. ಪದವೀಧರ ನೌಕರರಿಗೆ ಕೊಡುವ ಬ್ಲೂ ಕಾರ್ಡಿನವರಿಗೆ ಭಾಷೆ ಬಂದರೆ 21 ತಿಂಗಳಲ್ಲಿ ಕಾಯಂ ವಾಸ. ಅಲ್ಲಿನ ಸರ್ಕಾರಿ ಕಚೇರಿಗಳ ನಿಧಾನ, ಮನೆ ಸಿಗದ ಪಾಡು, ಚಳಿ ಎಲ್ಲ ಹೌದು. ಆದರೂ ಆ ಕಾರ್ಡಿನ ಮೇಲೆ ಬರೆದ ಹೆಸರು ಹೋದವನದು.

ಬ್ರಿಟನ್ನೇ ಇದಕ್ಕೆ ಇನ್ನೊಂದು ಸಾಕ್ಷಿ. 18ರಿಂದ 30 ವಯಸ್ಸಿನ ಪದವೀಧರರು ಎರಡು ವರ್ಷ ಅಲ್ಲಿದ್ದು ಬೇಕಾದ ಕಡೆ ಕೆಲಸ ಮಾಡಬಹುದಾದ ಯೋಜನೆ, ವರ್ಷಕ್ಕೆ 3,000 ಮಂದಿಗೆ, 2023ರಲ್ಲಿ ಶುರುವಾಯಿತು. ಲಾಟರಿ ಎತ್ತುತ್ತಾರೆ. ಹೋದವರು ಕಂಪನಿ ಬಿಟ್ಟು ಕಂಪನಿ ಸೇರಬಹುದು. ಅದು ಬಂದದ್ದು 2021ರ ವಲಸೆ ಸಹಭಾಗಿತ್ವದ ಒಪ್ಪಂದದಿಂದ. ಆಸ್ಟ್ರೇಲಿಯಾದ ವಾಣಿಜ್ಯ ಒಪ್ಪಂದದಲ್ಲಿ ಮಾತ್ರ ನನ್ನ ವಾದಕ್ಕೆ ಒಂದು ಅಪವಾದ ಸಿಗುತ್ತದೆ: ವರ್ಷಕ್ಕೆ 1,000 ಯುವಕರಿಗೆ ದುಡಿಯುತ್ತ ಸುತ್ತಾಡುವ ವೀಸಾ, ಅದು ವ್ಯಕ್ತಿಯ ಹೆಸರಿನದ್ದೇ. ಮೊದಲ ಸುತ್ತಿಗೇ ಹತ್ತಾರು ಸಾವಿರ ಅರ್ಜಿ ಬಿದ್ದವು. ಜನರಿಗೆ ಏನು ಬೇಕೆಂದು ತಿಳಿಯಲು ಬೇರೆ ಸಮೀಕ್ಷೆ ಬೇಕಿಲ್ಲ.

ಹಾಗಾದರೆ ನಮ್ಮವರು ಅದನ್ನೇ ಯಾಕೆ ಕೇಳುವುದಿಲ್ಲ? ಮೇಜಿನ ಈ ಕಡೆ ಕೂತವರಿಗೆ ಪಟ್ಟಿ ಕೊಡುವವರು ಕಂಪನಿಗಳು, ಅವುಗಳ ಸಂಘಗಳು. ನೌಕರ ಅಲ್ಲಿ ಹೋಗಿ ಕೆಲಸ ಬದಲಿಸುವ ಹಕ್ಕು ಪಡೆದರೆ ಹೆಚ್ಚು ನಷ್ಟ ಯಾರಿಗೆ? ಪುಣೆಯಿಂದ ಕಳಿಸಿದ ಕಂಪನಿಗೆ. ಲಂಡನ್ನಿನ ಬ್ಯಾಂಕು ಅವನನ್ನು ಎರಡು ಪಟ್ಟು ಸಂಬಳಕ್ಕೆ ಎತ್ತಿಕೊಂಡರೆ ಗುತ್ತಿಗೆಯ ಲಾಭ ಕರಗಿಹೋಗುತ್ತದೆ. ಅಲ್ಲಿನ ಸರ್ಕಾರಕ್ಕೆ ವಲಸೆಗಾರ ಬೇರೂರುವುದು ಬೇಡ, ಇಲ್ಲಿನ ಕಂಪನಿಗೆ ನೌಕರ ಕೈತಪ್ಪುವುದು ಬೇಡ. ಇಬ್ಬರ ಬೇಡಗಳೂ ಕೂಡುವ ಜಾಗದಲ್ಲಿ ಈ ಪರವಾನಗಿ ತಯಾರಾಗುತ್ತದೆ. ನೌಕರನನ್ನು ಕೇಳುವವರಿಲ್ಲ, ಹಿಂಜವಡಿಯ ನೌಕರರ ಪರವಾಗಿ ದಿಲ್ಲಿಯಲ್ಲಿ ಕೂತು ಮಾತಾಡುವ ಬಲದ ಸಂಘವೂ ಇಲ್ಲ.

ಇನ್ನು ನುರಿತವರು ಯಾರು ಎಂಬುದರಲ್ಲೂ ಒಂದು ಮೋಸವಿದೆ. ಭೋಸರಿಯಲ್ಲಿ ಹತ್ತು ವರ್ಷ ವೆಲ್ಡಿಂಗ್ ಮಾಡಿ ಪಳಗಿದ ವಿಜಯಪುರದ ಹುಡುಗ ದುಬೈಗೆ ಹೋದರೆ ಅವನ ಪಾಲಿಗೆ 1983ರ ಎಮಿಗ್ರೇಷನ್ ಕಾಯ್ದೆ ಮತ್ತು ಏಜೆಂಟ್. 2022ರಿಂದ ಜಾರಿಯಲ್ಲಿರುವ ಯುಎಇ ಒಪ್ಪಂದ ಚಿನ್ನ, ಖರ್ಜೂರಗಳ ಸುಂಕವನ್ನು ನೋಡಿಕೊಂಡಿತು; ಅಲ್ಲಿ ದುಡಿಯುವ ಲಕ್ಷಾಂತರ ಭಾರತೀಯರ ಸಂಬಳ, ಸಂಕಟಗಳು ಅದರ ವ್ಯಾಪ್ತಿಗೆ ಬರಲಿಲ್ಲ. 

ಈ ಎಲ್ಲಕ್ಕೂ ತೆತ್ತ ಬೆಲೆ ಪುಣೆಯ ಸುತ್ತಲೇ ಇದೆ. ಯುರೋಪಿನ ಜೊತೆ 2007ರಲ್ಲಿ ಶುರುವಾದ ಮಾತುಕತೆ 2013ರಲ್ಲಿ ಮುರಿದಾಗ ಒಂದು ಕಡೆ ಅವರ ಕಾರು ಮತ್ತು ವೈನು, ಇನ್ನೊಂದು ಕಡೆ ನಮ್ಮ ಮೋಡ್ 4 ಇದ್ದವು. ಬ್ರಿಟನ್ ಒಪ್ಪಂದದಲ್ಲಿ 150 ಶೇಕಡಾ ಇದ್ದ ವಿಸ್ಕಿ ಸುಂಕ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯುತ್ತದೆ. ಕಾರುಗಳ ಸುಂಕ ನಿಗದಿತ ಸಂಖ್ಯೆಯವರೆಗೆ 10ಕ್ಕೆ. ಜಾಗ್ವಾರ್ ಲ್ಯಾಂಡ್ ರೋವರ್ ಕಾರುಗಳನ್ನು ಪುಣೆಯಲ್ಲೇ ಜೋಡಿಸುತ್ತಿದ್ದಾರೆ. ಪೂರ್ತಿ ತಯಾರಾದ ಕಾರು ಕಡಿಮೆ ಸುಂಕಕ್ಕೆ ಬಂದರೆ ಜೋಡಿಸುವ ಸಾಲಿನ ಗತಿಯೇನು ಎಂದು ಪಿಂಪ್ರಿ-ಚಿಂಚವಡದಲ್ಲಿ ಕೇಳಿ ನೋಡಬಹುದು. ಸುಂಕ ಇಳಿಸಬಾರದೆಂದು ನಾನು ಹೇಳುತ್ತಿಲ್ಲ. ನಮ್ಮ ಗ್ರಾಹಕರಿಗೆ ಒಳ್ಳೆಯದೆಂದಾದರೆ ಇಳಿಸಲಿ. ವೀಸಾ ತಂದೆವೆಂಬ ನೆಪ ಬೇಡ.

ಕೊನೆಗೆ ನಮ್ಮ ವಿಚಾರ. ತಳೇಗಾಂವದ ಕೊರಿಯನ್, ಚಾಕಣದ ಜರ್ಮನ್ ಎಂಜಿನಿಯರ್ ಇಲ್ಲಿಗೆ ಬಂದು ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಿದಾಗ ಅವನಿಗೆ ನಾವು ಕೊಡುವುದೇನು? ಉದ್ಯೋಗ ವೀಸಾಕ್ಕೆ ವರ್ಷಕ್ಕೆ 16.25 ಲಕ್ಷ ರೂಪಾಯಿ ಸಂಬಳ ಇರಬೇಕು. ವಿದೇಶಿ ಅಡುಗೆಯವರಿಗೂ ಇಂಗ್ಲಿಷೇತರ ಭಾಷಾ ಶಿಕ್ಷಕರಿಗೂ ವಿನಾಯಿತಿ. ಬಾಣಸಿಗರ ವಿಷಯದಲ್ಲಿ ಜಗತ್ತೆಲ್ಲ ಒಂದೇ. ಮಾತೃಸಂಸ್ಥೆ, ಅಂಗಸಂಸ್ಥೆಗಳ ನಡುವೆ ಹೊರತು, ಇಲ್ಲಿದ್ದುಕೊಂಡೇ ಕಂಪನಿ ಬದಲಿಸುವಂತಿಲ್ಲ; ದೇಶ ಬಿಟ್ಟು ಹೊಸ ವೀಸಾದ ಮೇಲೆ ಬರಬೇಕು. ಅಮೆರಿಕದಂತೆ ಸಾಮಾಜಿಕ ಭದ್ರತೆಯ ಒಪ್ಪಂದವಿಲ್ಲದ ದೇಶದವನಾದರೆ 2008ರಿಂದ ಅವನ ಪೂರ್ತಿ ಸಂಬಳದ ಮೇಲೆ ಪಿಎಫ್ ಕಡಿತ. ನಮ್ಮವರಿಗಿರುವ 15,000 ರೂಪಾಯಿ ಮಿತಿ ಅವನಿಗಿಲ್ಲ. ಆ ಹಣ ಸಾಮಾನ್ಯವಾಗಿ ಕೈಗೆ ಬರುವುದು 58 ವಯಸ್ಸಾದ ಮೇಲೆ. ಅಮೆರಿಕ ನಮ್ಮವರ ದುಡ್ಡು ನುಂಗುತ್ತದೆಂದು ದೂರುವ ನಾವು ಇಲ್ಲಿಗೆ ಬಂದವನಿಗೂ ಅದರ ತಮ್ಮನಂಥದ್ದನ್ನೇ ಮಾಡಿಟ್ಟಿದ್ದೇವೆ. ಬೆಂಗಳೂರಿನ ಒಂದು ಅಂತರರಾಷ್ಟ್ರೀಯ ಶಾಲೆಯನ್ನು ನಡೆಸುವ ಸಂಸ್ಥೆಯೂ ಇತರರೂ ತಂದ ದಾವೆಯಲ್ಲಿ ಕರ್ನಾಟಕ ಹೈಕೋರ್ಟು 2024ರ ಏಪ್ರಿಲಿನಲ್ಲಿ ಈ ನಿಯಮ ಸಂವಿಧಾನಕ್ಕೆ ವಿರುದ್ಧವೆಂದು ಹೊಡೆದುಹಾಕಿತು. ದಿಲ್ಲಿ ಹೈಕೋರ್ಟು 2025ರಲ್ಲಿ ಅದೇ ನಿಯಮವನ್ನು ಎತ್ತಿಹಿಡಿಯಿತು.

ಮುಂದಿನ ಒಪ್ಪಂದದ ಮೇಜಿಗೆ ಹೋಗುವವರು ಸಂಖ್ಯೆ ಕೇಳುವುದನ್ನು ಬಿಟ್ಟು ಕಂಪನಿ ಬದಲಿಸುವ ಹಕ್ಕನ್ನೂ, ಕೆಲಸ ಹೋದರೆ ಹುಡುಕಿಕೊಳ್ಳಲು ಆರು ತಿಂಗಳ ಕಾಲಾವಕಾಶವನ್ನೂ, ಕಟ್ಟಿದ ಪಿಂಚಣಿ ಹಣದ ವಾಪಸಾತಿಯನ್ನೂ ಕೇಳಲಿ. ಇದನ್ನು ವಾಣಿಜ್ಯದವರ ಕೈಯಿಂದ ತೆಗೆದು ಕಾರ್ಮಿಕ ಮತ್ತು ವಿದೇಶಾಂಗ ಸಚಿವಾಲಯಗಳಿಗೆ ಒಪ್ಪಿಸಲಿ. ಎದುರಿನವರು, ನೀವು ಕೊಡುತ್ತೀರಾ ಎಂದು ಮೊದಲ ದಿನವೇ ಕೇಳುತ್ತಾರೆ. ಚಾಕಣದಲ್ಲಿ ಕೆಲಸ ಮಾಡುವ ಪರದೇಶದವನು ಭಾರತದಲ್ಲೇ ಇದ್ದುಕೊಂಡು ಕಂಪನಿ ಬದಲಿಸಬಹುದು ಎಂದು ನಮ್ಮ ಗೃಹ ಸಚಿವಾಲಯ ನಾಳೆಯೇ ಒಂದು ಸುತ್ತೋಲೆ ಹೊರಡಿಸಬಹುದು. ಅದಕ್ಕೆ ಲಂಡನ್ನಿನ ಸಹಿ ಬೇಕಿಲ್ಲ, ವಾಷಿಂಗ್ಟನ್ನಿನದೂ ಬೇಕಿಲ್ಲ.